ತೈಚಿಯಲ್ಲಿ ‘ಮೈ ಸಡಿಲ ಬಿಡಿ’ ಎಂದರೆ ಮಾಡಬೇಕಾದದ್ದೇನು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತಾರು ವರ್ಷ, ಶಿವಮೊಗ್ಗದಲ್ಲಿ ವಾಸ. ಹಲವು ವರ್ಷಗಳಿಂದ ಆಸನ, ಪ್ರಾಣಾಯಾಮ ಮಾಡಿಕೊಂಡು ಬಂದ ನಾನು ಎಂಟು ತಿಂಗಳಿನಿಂದ ನಿಧಾನ ಚಲನೆಗಳ ಚೀನೀ ಅಭ್ಯಾಸವಾದ ತೈಚಿ ಕಲಿಯುತ್ತಿದ್ದೇನೆ. ಮಗಳ ಮನೆಗೆಂದು ವಿದೇಶಕ್ಕೆ ಹೋಗಿದ್ದಾಗ ಅಲ್ಲಿನ ಉದ್ಯಾನದಲ್ಲಿ ಹಿರಿಯ ಚೀನೀ ಶಿಕ್ಷಕರೊಬ್ಬರ ಬಳಿ ಆರಂಭಿಸಿದೆ. ಊರಿಗೆ ಮರಳಿದ ಮೇಲೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಅವರೇ ತಿದ್ದುತ್ತಾರೆ. 24 ಭಂಗಿಗಳ ಕ್ರಮವನ್ನು ತಪ್ಪಿಲ್ಲದೆ ಮುಗಿಸಬಲ್ಲೆ. ಆರು ನಿಮಿಷ ಹಿಡಿಯುತ್ತದೆ.

ನನ್ನ ತೊಡಕು ಒಂದೇ ಮಾತಿನ ಬಗ್ಗೆ. ಪ್ರತಿ ಪಾಠದಲ್ಲಿಯೂ ಅವರು ‘ಸೊಂಗ್, ಸೊಂಗ್’ ಎನ್ನುತ್ತಾರೆ, ಅಂದರೆ ಸಡಿಲ ಬಿಡು ಎಂದು. ನಾನು ಸಡಿಲ ಬಿಟ್ಟರೆ ಬೆನ್ನು ಕುಗ್ಗುತ್ತದೆ, ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ, ಅವರು ತಲೆ ಅಲ್ಲಾಡಿಸಿ ‘ಇದು ಕುಸಿತ’ ಎನ್ನುತ್ತಾರೆ. ಭಂಗಿಯನ್ನು ಎತ್ತಿ ಹಿಡಿದರೆ ‘ಇದು ಬಿಗಿತ’ ಎನ್ನುತ್ತಾರೆ. ಈ ಎರಡರ ನಡುವೆ ಇರುವುದು ಏನು ಎಂಬುದು ನನ್ನ ಮೈಗೆ ಇನ್ನೂ ಸಿಕ್ಕಿಲ್ಲ. ಇದರ ಜೊತೆಗೆ ಕಳೆದ ಎರಡು ತಿಂಗಳಿನಿಂದ ಬಲಮಂಡಿಯ ಒಳಬದಿಯಲ್ಲಿ ನೋವು ಕಾಣಿಸಿಕೊಂಡಿದೆ. ತೈಚಿ ಮನಸ್ಸನ್ನೂ ದೇಹವನ್ನೂ ಒಟ್ಟಿಗೆ ಪಳಗಿಸುತ್ತದೆ ಎಂಬ ಮಾತನ್ನು ನಂಬಿ ಆರಂಭಿಸಿದವನು ನಾನು. ಆ ಪಳಗಿಸುವಿಕೆ ನಡೆಯುವುದು ಎಲ್ಲಿ, ಹೇಗೆ ಎಂಬುದನ್ನು ದೀರ್ಘಕಾಲ ಅಭ್ಯಾಸ ಮಾಡಿದವರಿಂದ ತಿಳಿಯಬಯಸುತ್ತೇನೆ.

ಕೆಳಮಹಡಿ

ತುಂಗಾತೀರ ಅವರಿಗೆ ನಮಸ್ಕಾರ. ನಾನು ಸಿಂಗಾಪುರದಲ್ಲಿರುವ ಕನ್ನಡಿಗ. ನಮ್ಮ ವಸತಿ ಸಮುಚ್ಚಯದ ತೆರೆದ ಕೆಳಮಹಡಿಯಲ್ಲಿ ಬೆಳಿಗ್ಗೆ ಏಳಕ್ಕೆ ಮೊದಲು ಸೇರುವ ಗುಂಪಿನಲ್ಲಿ ಹದಿನೇಳು ವರ್ಷಗಳಿಂದ ತೈಚಿಯ ಯಾಂಗ್ ಶೈಲಿಯನ್ನು ಅಭ್ಯಾಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ನನ್ನನ್ನು ಕಾಡಿದ್ದು ಆರಂಭದ ಮೂರು ವರ್ಷ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಸೊಂಗ್ ಎಂಬ ಪದವನ್ನು ಹಳೆಯ ಚೀನೀ ಲಿಪಿಯಲ್ಲಿ ಬರೆಯುವಾಗ ಅದರ ಮೇಲ್ಭಾಗದಲ್ಲಿ ಕೂದಲನ್ನು ಸೂಚಿಸುವ ಗುರುತು ಇರುತ್ತದೆ. ಗಂಟು ಬಿಚ್ಚಿದ ಕೂದಲು ಎಂಬುದು ಅದರ ಮೂಲ ಭಾವ. ತುರುಬು ಬಿಚ್ಚಿದಾಗ ಕೂದಲು ನೆಲಕ್ಕೆ ಬೀಳುವುದಿಲ್ಲ. ಬುಡ ನೆತ್ತಿಯಲ್ಲಿ ಭದ್ರವಾಗಿ ಉಳಿದು, ಉಳಿದದ್ದು ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ. ನಿಮ್ಮ ಶಿಕ್ಷಕರು ಕೇಳುತ್ತಿರುವುದು ಇದನ್ನೇ. ನೆತ್ತಿ ಮೇಲಕ್ಕೆ ತೂಗುಹಾಕಿದಂತೆ ಇರಬೇಕು, ಅದರ ಕೆಳಗೆ ಭುಜ, ಮೊಣಕೈ, ಪಕ್ಕೆ, ಸೊಂಟ ಒಂದೊಂದಾಗಿ ಇಳಿಯಬೇಕು. ನೀವು ಸಡಿಲ ಬಿಡುವಾಗ ನೆತ್ತಿಯನ್ನೂ ಬಿಟ್ಟುಬಿಡುತ್ತಿದ್ದೀರಿ, ಆದ್ದರಿಂದ ಕುಸಿತವಾಗುತ್ತಿದೆ. ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು ಅವರು ಹೇಳಿ ಬರೆಸಿದ ಹತ್ತು ಮುಖ್ಯಾಂಶಗಳಲ್ಲಿ ಮೊದಲನೆಯದು ನೆತ್ತಿಯನ್ನು ಹಗುರವಾಗಿ ಮೇಲೆತ್ತುವುದು. ಸೊಂಟವನ್ನು ಸಡಿಲಿಸುವುದು ಮೂರನೆಯದು, ಭುಜ ಇಳಿಸಿ ಮೊಣಕೈ ಜೋತುಬಿಡುವುದು ಐದನೆಯದು. ಈ ಕ್ರಮ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ಮಾತು. ಸಡಿಲ ಬಿಟ್ಟರೆ ಸುಖವಾಗುತ್ತದೆ ಎಂಬ ನಿರೀಕ್ಷೆಯನ್ನು ದಯವಿಟ್ಟು ಕೈಬಿಡಿ. ಭುಜವೂ ಕೆಳಬೆನ್ನೂ ಹೊತ್ತಿದ್ದ ಭಾರ ಕೆಳಗಿಳಿದರೆ ಅದು ತೊಡೆಗೆ ಬರಲೇಬೇಕು, ಅಲ್ಲಿಂದ ಪಾದಕ್ಕೆ. ಮರವನ್ನು ತಬ್ಬಿದಂತೆ ತೋಳು ದುಂಡಗಿಟ್ಟು ಮಂಡಿ ಸ್ವಲ್ಪ ಬಾಗಿಸಿ ನಿಲ್ಲುವ ಝಾನ್ ಝುವಾಂಗ್ ಅಭ್ಯಾಸದಲ್ಲಿ ಇದು ತೀರ ಸ್ಪಷ್ಟವಾಗಿ ಗೊತ್ತಾಗುತ್ತದೆ. ನಮ್ಮ ಗುರುಗಳು ಮೊದಲ ಐದು ತಿಂಗಳು ನನ್ನನ್ನು ಹೀಗೆ ನಿಲ್ಲಿಸಿದ್ದೇ ಹೆಚ್ಚು. ಮೂರನೆಯ ನಿಮಿಷಕ್ಕೆ ಭುಜ ಉರಿಯುತ್ತಿದ್ದರೆ ಇನ್ನೂ ಬಿಗಿ ಇದೆ ಎಂದೂ, ಭುಜ ಮರೆತುಹೋಗಿ ತೊಡೆ ನಡುಗತೊಡಗಿದರೆ ದಾರಿ ಸರಿಯಿದೆ ಎಂದೂ ಅವರು ಹೇಳುತ್ತಿದ್ದರು. ಆಗ ಮನಸ್ಸು ‘ಸಾಕು, ಕೈ ಇಳಿಸು’ ಎಂದು ನೂರು ನೆವ ಹುಡುಕುತ್ತದೆ. ಆ ನೆವಗಳನ್ನು ಕೇಳಿಸಿಕೊಂಡೂ ಉಸಿರು ಏರದಂತೆ, ಹಲ್ಲು ಕಚ್ಚದಂತೆ ನಿಲ್ಲುವುದಿದೆಯಲ್ಲ, ಮನಸ್ಸಿನ ಪಳಗುವಿಕೆ ಅಲ್ಲಿ ಆರಂಭವಾಗುತ್ತದೆ ಎಂಬುದು ನನ್ನ ಅನುಭವ.

ಮೂರನೆಯದು, ತೋಳು ದುಂಡಗೆ ಉಳಿಯುವ ಬಗ್ಗೆ. ಅದನ್ನು ಎತ್ತಿ ಹಿಡಿಯುವುದು ಸ್ನಾಯುವಿನ ಹಟವಲ್ಲ. ಚೀನೀಯರು ಅದನ್ನು ಪೆಂಗ್ ಎನ್ನುತ್ತಾರೆ. ನೀರು ದೋಣಿಯನ್ನು ಹೊತ್ತ ಹಾಗೆ ಎಂಬುದು ಅದಕ್ಕೆ ಅವರು ಪರಂಪರೆಯಿಂದ ಕೊಡುವ ಹೋಲಿಕೆ. ನೀರಿನಲ್ಲಿ ಬಿಗಿಯೆಂಬುದಿಲ್ಲ, ಆದರೂ ದೋಣಿ ಮುಳುಗುವುದಿಲ್ಲ. ನಿಮ್ಮ ಮುಂಗೈಯನ್ನು ಯಾರಾದರೂ ಮೆಲ್ಲನೆ ಒತ್ತಿದಾಗ ಆ ಒತ್ತಡ ಭುಜದಲ್ಲಿ ನಿಂತರೆ ನೀವು ಬಿಗಿಯಾಗಿದ್ದೀರಿ. ತೋಳು ಎದೆಗೆ ಮಡಚಿಕೊಂಡರೆ ಕುಸಿದಿದ್ದೀರಿ. ಒತ್ತಡ ಬೆನ್ನು, ಸೊಂಟದ ಮೂಲಕ ಹಿಂಗಾಲಿನ ಪಾದದಲ್ಲಿ ತಿಳಿದರೆ ನೀವು ಹುಡುಕುತ್ತಿರುವ ಆ ನಡುವಿನ ಸ್ಥಿತಿ ಸಿಕ್ಕಿದಂತೆ. ವಿಡಿಯೊ ಕರೆಯಲ್ಲಿ ಇದನ್ನು ಕಲಿಸಲಾಗುವುದಿಲ್ಲ. ಮನೆಯವರಲ್ಲಿ ಒಬ್ಬರನ್ನು ಒತ್ತಲು ಕೇಳಿಕೊಳ್ಳಿ.

ಗೂಡಿನಮನೆ

ಕೆಳಮಹಡಿಯವರ ವಿವರಣೆಗೆ ನನ್ನದೊಂದು ಸಣ್ಣ ಸೇರ್ಪಡೆ. ನಾನು ತೈಚಿಯ ಇನ್ನೊಂದು ಬಗೆಯಾದ ಚೆನ್ ಶೈಲಿಯ ಆರಂಭಿಕ ವಿದ್ಯಾರ್ಥಿ ಮಾತ್ರ, ಆದರೆ ನಮ್ಮ ಮನೆತನ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬಿನದು. ಚೆನ್ ಶೈಲಿಯಲ್ಲಿ ಎಲ್ಲ ಚಲನೆಗೂ ತಳಹದಿಯೆನ್ನುವ ಸುರುಳಿ ಚಲನೆಯ ಹೆಸರು ‘ಚಾನ್ ಸಿ ಜಿನ್’, ಅಂದರೆ ರೇಷ್ಮೆಯ ಎಳೆಯನ್ನು ಸುತ್ತುವ ಕಸುವು ಎಂದು ಶಿಕ್ಷಕರು ಹೇಳಿದ ದಿನ ನನಗೆ ಮೈ ಜುಂ ಎಂದಿತು. ತರಗತಿಯಲ್ಲಿ ಉಳಿದವರಿಗೆ ಅದು ಬರಿಯ ಉಪಮೆಯಾಗಿತ್ತು. ನನಗೆ ಅಜ್ಜಿಯ ಕೈ ಕಣ್ಣಮುಂದೆ ಬಂತು.

ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದಾಗಿಸಿ ಚರಕಕ್ಕೆ ಕೊಡಬೇಕು. ಜಗ್ಗಿದರೆ ಎಳೆ ತುಂಡಾಗುತ್ತದೆ. ಕೈ ಸೋತು ಸೆಳೆತ ಕಡಿಮೆಯಾದರೆ ನೂಲು ಸಡಿಲವಾಗಿ ಗಂಟು ಬೀಳುತ್ತದೆ, ದಪ್ಪವೂ ಒಂದೇ ಸಮನಾಗಿ ಬರುವುದಿಲ್ಲ. ಒಂದೊಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಅಷ್ಟು ಹೊತ್ತೂ ಕೈಯಲ್ಲಿ ಅದೇ ಸೆಳೆತ ಉಳಿಯಬೇಕು. ಅಜ್ಜಿ ನೀರಿನ ತೊಟ್ಟಿಯ ಮುಂದೆ ಕುಳಿತು ನಮ್ಮೊಡನೆ ಮಾತನಾಡುತ್ತಿದ್ದರೂ ಅವರ ಗಮನ ಎಳೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಒಂದು ಗೂಡಿನ ಎಳೆ ಕಡಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ತುಂಗಾತೀರ ಅವರು ಕೇಳುವ ಕುಸಿತ ಮತ್ತು ಬಿಗಿತಗಳ ನಡುವಿನ ಸ್ಥಿತಿಯನ್ನು ನಾನು ಆ ಸೆಳೆತದಿಂದಲೇ ಅರ್ಥಮಾಡಿಕೊಂಡಿದ್ದೇನೆ. ತೋಳು ತಿರುಗುವಾಗ ಪಾದದಿಂದ ಬೆರಳ ತುದಿಯವರೆಗೆ ಒಂದು ಎಳೆ ಹಾಯ್ದಿದೆಯೆಂದು ಭಾವಿಸಿ, ಅದು ಎಲ್ಲಿಯೂ ಕಡಿಯದಂತೆ, ಎಲ್ಲಿಯೂ ಜೋತುಬೀಳದಂತೆ ತಿರುಗಿ ನೋಡಿ.

ಮಟ್ಟಿಯ ಮಣ್ಣು

ಚರ್ಚೆ ಚೆನ್ನಾಗಿದೆ. ಆದರೆ ಒಂದು ಆಕ್ಷೇಪವನ್ನು ಗೌರವಪೂರ್ವಕವಾಗಿಯೇ ಮುಂದಿಡುತ್ತೇನೆ. ನಾನು ಮೈಸೂರಿನ ಗರಡಿಯಲ್ಲಿ ಬೆಳೆದವನು, ಹದಿನೈದು ವರ್ಷ ಕುಸ್ತಿ ಮಾಡಿದ್ದೇನೆ. ನಮ್ಮ ಉಸ್ತಾದರು ಒಬ್ಬನ ಸಾಮು ನೋಡಿ ಅವನನ್ನು ಎಂದೂ ಹೊಗಳಿದವರಲ್ಲ. ಮಟ್ಟಿಗಿಳಿದು ಎದುರಾಳಿಯ ಪಟ್ಟಿನಲ್ಲಿ ಸಿಕ್ಕಾಗ ಅವನ ಮುಖ ಹೇಗಿರುತ್ತದೆ ಎಂಬುದನ್ನು ನೋಡುತ್ತಿದ್ದರು. ಎದುರಿಸುವವನಿಲ್ಲದ ಅಭ್ಯಾಸದಿಂದ ಮನಸ್ಸು ಶಾಂತವಾಗಿದೆ ಎಂದು ಭಾವಿಸಬಹುದು, ಆದರೆ ಅದು ಪರೀಕ್ಷೆಗೆ ಒಳಗಾಗದ ಶಾಂತಿ. 2017ರ ಏಪ್ರಿಲ್‌ನಲ್ಲಿ ಚೆಂಗ್ದು ನಗರದಲ್ಲಿ ಮಿಶ್ರ ಸಮರಕಲೆಯ ಹೋರಾಟಗಾರ ಶು ಶಿಯಾವ್‌ಡಾಂಗ್, ತೈಚಿಯ ಗುರುವೆಂದು ಹೇಳಿಕೊಳ್ಳುತ್ತಿದ್ದ ವೇ ಲೇ ಅವರನ್ನು ಅರ್ಧ ನಿಮಿಷವೂ ಕಳೆಯುವ ಮುನ್ನ ನೆಲಕ್ಕೆ ಕೆಡವಿದ ದೃಶ್ಯವನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಪೆಂಗ್ ಎಲ್ಲಿ ಹೋಗಿತ್ತು? ಇದು ಸಮರಕಲೆಯೇ ಹೌದಾದರೆ ಅದಕ್ಕೆ ತಕ್ಕ ಪರೀಕ್ಷೆ ಬೇಕು. ಆರೋಗ್ಯದ ವ್ಯಾಯಾಮವಾದರೆ ಹಾಗೆಂದೇ ಕರೆಯಬೇಕು.

ಕೆಳಮಹಡಿ

ಮಟ್ಟಿಯ ಮಣ್ಣು ಅವರ ಆಕ್ಷೇಪದ ತಿರುಳನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಮುಟ್ಟದೆಯೇ ಶಿಷ್ಯರನ್ನು ಹಾರಿ ಬೀಳಿಸುವ ಪ್ರದರ್ಶನಗಳು ಈ ಕಲೆಗೆ ಮಾಡಿರುವ ಹಾನಿಯನ್ನು ಯಾವ ಹೊರಗಿನ ಟೀಕೆಯೂ ಮಾಡಿಲ್ಲ. ಎದುರಾಳಿಯ ಅಗತ್ಯ ಈ ಪರಂಪರೆಯೊಳಗೇ ಇದೆ. ಇಬ್ಬರು ಎದುರುಬದುರು ನಿಂತು ಮುಂಗೈ ತಾಗಿಸಿಕೊಂಡು ಪರಸ್ಪರರ ಸಮತೋಲವನ್ನು ಪರೀಕ್ಷಿಸುವ ತುಯ್‌ಶೌ ಅಭ್ಯಾಸ ಅದಕ್ಕಾಗಿಯೇ ಇದೆ. ಉದ್ಯಾನಗಳಲ್ಲಿ ಅದನ್ನು ಕೈಬಿಟ್ಟು ಕೇವಲ ಕ್ರಮವನ್ನು ಕಲಿಸುವುದು ರೂಢಿಯಾದದ್ದು ನಮ್ಮ ನಷ್ಟ.

ಮನಸ್ಸಿನ ವಿಷಯಕ್ಕೆ ಬಂದರೆ, ನನಗೆ ಹದಿನೇಳು ವರ್ಷಗಳಲ್ಲಿ ಅತ್ಯಂತ ಹೆಚ್ಚು ಕಲಿಸಿದ್ದು ತುಯ್‌ಶೌ. ಎದುರಿನವರು ಒತ್ತಿದ ಕ್ಷಣ ನನ್ನ ಭುಜ ಏರುತ್ತಿತ್ತು, ಉಸಿರು ಎದೆಯಲ್ಲಿ ನಿಲ್ಲುತ್ತಿತ್ತು, ಪಾದದ ಅರಿವು ಮಾಯವಾಗುತ್ತಿತ್ತು. ಅದು ಹೆದರಿಕೆ; ಬೀಳುವ ಹೆದರಿಕೆಗಿಂತ ಸೋಲುವ ಹೆದರಿಕೆ ಹೆಚ್ಚು. ಒಂಟಿಯಾಗಿ ಕ್ರಮ ಮಾಡುವಾಗ ನನಗೆ ಅದರ ಸುಳಿವೇ ಇರಲಿಲ್ಲ. ಒತ್ತಡ ಬಂದಾಗ ತಳ್ಳಲೂಬಾರದು, ಓಡಲೂಬಾರದು, ಮೊದಲು ಚರ್ಮದಿಂದ ಆಲಿಸಬೇಕು ಎಂಬುದು ಅಲ್ಲಿನ ನಿಯಮ. ಚೀನೀಯರು ಇದನ್ನು ‘ತಿಂಗ್’, ಅಂದರೆ ಕೇಳುವುದು ಎಂದೇ ಕರೆಯುತ್ತಾರೆ. ಎದುರಿನವರ ಬಲ ಯಾವ ಕಡೆಗೆ ಹೊರಟಿದೆ, ಅವರ ಭಾರ ಯಾವ ಕಾಲಿನಲ್ಲಿದೆ ಎಂದು ಕೇಳಿಸಿಕೊಳ್ಳಲು ನನ್ನೊಳಗೆ ಗದ್ದಲ ಇರಬಾರದು. ಬಿಗಿಯೇ ಆ ಗದ್ದಲ.

ಹಾಳೆಹೊತ್ತಿಗೆ

ಮಟ್ಟಿಯ ಮಣ್ಣು ಅವರು ‘ಸಮರಕಲೆಯೋ ವ್ಯಾಯಾಮವೋ’ ಎಂದು ಕೇಳಿದ್ದಕ್ಕೆ ಇತಿಹಾಸದ ಕಡೆಯಿಂದ ಉತ್ತರಿಸಲು ಯತ್ನಿಸುತ್ತೇನೆ. ವುಡಾಂಗ್ ಬೆಟ್ಟದ ತಾವೋ ಸಂನ್ಯಾಸಿ ಝಾಂಗ್ ಸಾನ್‌ಫೆಂಗ್ ಇದನ್ನು ಕಂಡುಹಿಡಿದನೆಂಬ ಕಥೆ ಜನಪ್ರಿಯವಾದರೂ ಇತಿಹಾಸಕಾರರು ಅದನ್ನು ದಂತಕಥೆಯೆಂದೇ ಪರಿಗಣಿಸುತ್ತಾರೆ. ದಾಖಲೆಗಳು ಬೊಟ್ಟು ಮಾಡುವುದು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯ ಚೆನ್‌ಜಿಯಾಗೋವ್ ಎಂಬ ಹಳ್ಳಿಯ ಕಡೆಗೆ. ಅಲ್ಲಿ ಹದಿನೇಳನೆಯ ಶತಮಾನದಲ್ಲಿದ್ದ ಚೆನ್ ವಾಂಗ್‌ಟಿಂಗ್ ಸೈನಿಕ ಹಿನ್ನೆಲೆಯವನು. ಅದೇ ವಂಶದ ಚೆನ್ ಚಾಂಗ್‌ಶಿಂಗ್ ಅವರ ಬಳಿ ಕಲಿತ ಹೊರಗಿನವನು ಹೆಬೇ ಪ್ರಾಂತ್ಯದ ಯೋಂಗ್‌ನಿಯನ್‌ನ ಯಾಂಗ್ ಲುಚಾನ್ (1799–1872); ಆತ ಬೀಜಿಂಗ್‌ಗೆ ಹೋಗಿ ಚಿಂಗ್ ಆಳ್ವಿಕೆಯ ಅರಸುಮನೆತನದವರಿಗೆ ಕಲಿಸಿದ. ಹೊಡೆದಾಟ ಬಾರದವನಿಗೆ ಆ ಕೆಲಸ ಸಿಗುವಂತಿರಲಿಲ್ಲ.

ಬದಲಾವಣೆ ಬಂದದ್ದು ಆತನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಅವರ ಕಾಲದಲ್ಲಿ. ಅವರು ಜಿಗಿತ, ಹಠಾತ್ ಹೊಡೆತಗಳನ್ನು ಕ್ರಮದಿಂದ ತೆಗೆದು, ಒಂದೇ ವೇಗದ, ದೊಡ್ಡ ಹಾಸಿನ ಚಲನೆಗಳನ್ನು ರೂಢಿಗೆ ತಂದರು. ನಗರದ ಜನ, ರೋಗಿಗಳು, ವಯಸ್ಸಾದವರು ಕಲಿಯತೊಡಗಿದ್ದು ಇದರಿಂದಾಗಿ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಅದೇ ಯಾಂಗ್ ಶೈಲಿಯಿಂದ ಆಯ್ದು ರೂಪಿಸಿದ್ದೇ ತುಂಗಾತೀರ ಅವರು ಕಲಿತಿರುವ 24 ಭಂಗಿಗಳ ಕ್ರಮ. ಆದ್ದರಿಂದ ಎರಡೂ ಹೌದು. ಆದರೆ ನಾವು ಯಾವ ತುದಿಯನ್ನು ಹಿಡಿದಿದ್ದೇವೆ ಎಂಬುದನ್ನು ತಿಳಿದಿರಬೇಕು. 2020ರಲ್ಲಿ ಯುನೆಸ್ಕೊ ತೈಚಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಪರೀಕ್ಷೆಯ ಬಗ್ಗೆ ಇನ್ನೊಂದು ಪ್ರಸಂಗ ಹೇಳಬೇಕು. 1954ರ ಜನವರಿಯಲ್ಲಿ ಮಕಾವ್‌ನಲ್ಲಿ ವು ಶೈಲಿಯ ತೈಚಿ ಗುರು ವು ಗೊಂಗ್‌ಯಿ ಅವರು ತಮಗಿಂತ ಸುಮಾರು ಇಪ್ಪತ್ತು ವರ್ಷ ಕಿರಿಯರಾದ, ಶ್ವೇತಕ್ರೌಂಚ ಎಂಬ ಚೀನೀ ಸಮರಕಲಾ ಪಂಥದ ಚೆನ್ ಕೆಫು ಅವರೊಡನೆ ಕಣದೊಳಗೆ ಬಹಿರಂಗವಾಗಿ ಸೆಣಸಿದರು. ಗೆಲುವು ಸೋಲು ಘೋಷಣೆಯಾಗದೆ ಪಂದ್ಯ ನಿಂತಿತು. ಆ ಚಿತ್ರಸುರುಳಿಯಲ್ಲಿ ಉದ್ಯಾನದ ತೈಚಿಯ ಚೆಲುವು ಕಾಣುವುದಿಲ್ಲ, ಒರಟು ಗುದ್ದಾಟವೇ ಕಾಣುತ್ತದೆ. ಆದರೂ ಐವತ್ತು ದಾಟಿದ ಒಬ್ಬ ಗುರು ತನ್ನ ಮಾತಿಗೆ ತಾನೇ ಪಣವಾಗಿ ನಿಂತದ್ದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ನಡಿಗೆ

ನಾನು ಭೌತಚಿಕಿತ್ಸಕಿ. ಇತಿಹಾಸದ ನಡುವೆ ತುಂಗಾತೀರ ಅವರ ಮಂಡಿಯನ್ನು ಎಲ್ಲರೂ ಮರೆತಂತಿದೆ.

ಸರ್, ಪರೀಕ್ಷೆ ಮಾಡದೆ ನಿಮ್ಮ ನೋವಿನ ಕಾರಣವನ್ನು ಹೇಳಲಾರೆ. ಮಂಡಿ ಊದಿಕೊಂಡಿದ್ದರೆ ಅಥವಾ ನಡೆಯುವಾಗ ಸಿಕ್ಕಿಕೊಂಡಂತಾದರೆ ಮೊದಲು ವೈದ್ಯರನ್ನು ಕಾಣಿರಿ. ಆದರೆ ತೈಚಿ ಕಲಿಯುವವರಲ್ಲಿ ನಾನು ಮತ್ತೆಮತ್ತೆ ಕಾಣುವ ತಪ್ಪು ಹೀಗಿದೆ. ಭಾರವೆಲ್ಲ ಒಂದು ಕಾಲಿನ ಮೇಲಿರುವಾಗಲೇ ಸೊಂಟದ ಬದಲು ಮಂಡಿಯನ್ನು ತಿರುಚುತ್ತಾರೆ. ಮಂಡಿ ಬಾಗಿಲಿನ ಕೀಲಿನ ಹಾಗೆ ಮುಖ್ಯವಾಗಿ ಒಂದೇ ದಿಕ್ಕಿಗೆ ಮಡಚಲು ಆದ ಕೀಲು. ತಿರುಗುವ ಕೆಲಸ ತೊಡೆಸಂದಿನದು. ಚೀನೀ ಶಿಕ್ಷಕರು ‘ಕುವಾ’ ಎಂದು ತೋರಿಸುವ ಜಾಗ ಅದೇ. ತೊಡೆಸಂದು ಬಿಗಿಯಾಗಿದ್ದರೆ ಆ ತಿರುವು ಕೆಳಗಿಳಿದು ಮಂಡಿಯ ಒಳಬದಿಗೆ ಬೀಳುತ್ತದೆ. ಮಂಡಿ ಸದಾ ಪಾದದ ಬೆರಳುಗಳು ನೋಡುವ ದಿಕ್ಕಿಗೇ ಇರಲಿ, ಬೆರಳ ತುದಿಯನ್ನು ದಾಟದಿರಲಿ, ಪಾದವನ್ನು ತಿರುಗಿಸುವ ಮೊದಲು ಅದರ ಮೇಲಿನ ಭಾರವನ್ನು ಇಳಿಸಿರಿ, ಭಂಗಿಯನ್ನು ಒಂದು ಗೇಣು ಎತ್ತರಿಸಿ ಮಾಡಿರಿ. ನಿಮ್ಮ ‘ಸಡಿಲ’ದ ಪ್ರಶ್ನೆಗೂ ನೋವಿನ ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿರಬಹುದು ಎಂದು ನನ್ನ ಊಹೆ.

ವ್ಯಾಯಾಮವೆಂದು ಕರೆದರೆ ಈ ಕಲೆಗೆ ಅವಮಾನವಾಗುವುದಿಲ್ಲ ಎಂದೂ ಹೇಳಬಯಸುತ್ತೇನೆ. ವಯಸ್ಸಾದವರು ಬೀಳುವುದು ಹೆಚ್ಚಾಗಿ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವ ಕ್ಷಣದಲ್ಲಿ. ತೈಚಿ ನಿಧಾನವಾಗಿ, ಸಾವಿರ ಬಾರಿ ಕಲಿಸುವುದು ಆ ಕ್ಷಣವನ್ನೇ. 1996ರಲ್ಲಿ ಪ್ರಕಟವಾದ ಅಟ್ಲಾಂಟಾದ ಅಧ್ಯಯನದಲ್ಲಿ ಎಪ್ಪತ್ತು ದಾಟಿದ 200 ಜನರ ಪೈಕಿ ಹದಿನೈದು ವಾರ ತೈಚಿ ಕಲಿತವರಲ್ಲಿ ಮತ್ತೆಮತ್ತೆ ಬೀಳುವ ಅಪಾಯ ಶೇಕಡಾ 47.5ರಷ್ಟು ಇಳಿದಿತ್ತು. 2012ರಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಜನರನ್ನು ಮೂರು ಗುಂಪು ಮಾಡಿ ಇಪ್ಪತ್ತನಾಲ್ಕು ವಾರ ನೋಡಿದಾಗ, ದೇಹದ ಸ್ಥಿರತೆಯಲ್ಲಿ ತೈಚಿಯ ಗುಂಪು ತೂಕ ಎತ್ತುವ ಗುಂಪಿಗಿಂತಲೂ, ಮೈ ಚಾಚುವ ಗುಂಪಿಗಿಂತಲೂ ಮುಂದಿತ್ತು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರನ್ನು ದಿನವೂ ನೋಡುವ ನನಗೆ ಬೀಳದೆ ನಿಲ್ಲುವುದೂ ಒಂದು ಸೆಣಸಾಟವೇ.

ಮಟ್ಟಿಯ ಮಣ್ಣು

ನಡಿಗೆ ಅವರ ಕೊನೆಯ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಬಿದ್ದವರು ಮತ್ತೆ ಎದ್ದು ಓಡಾಡಲಿಲ್ಲ. ಕೆಳಮಹಡಿಯವರು ‘ಚರ್ಮದಿಂದ ಆಲಿಸುವುದು’ ಎಂದದ್ದು ನಮ್ಮಲ್ಲಿಯೂ ಇದೆ. ಹಳೆಯ ಪೈಲ್ವಾನರು ಎದುರಾಳಿಯ ಕತ್ತಿನ ಮೇಲೆ ಕೈಯಿಟ್ಟೇ ಅವನು ಮುಂದೇನು ಮಾಡುತ್ತಾನೆಂದು ಹೇಳುತ್ತಿದ್ದರು. ತುಯ್‌ಶೌ ಅಭ್ಯಾಸವನ್ನು ಕೈಯಾರೆ ಮಾಡಿ ನೋಡದೆ ತೀರ್ಪು ಕೊಟ್ಟದ್ದು ಅವಸರವಾಯಿತು.

ತುಂಗಾತೀರ

ಒಂಬತ್ತು ವಾರಗಳ ನಂತರ ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆಯಿರಲಿ, ಮಾಡಿ ನೋಡದೆ ಉತ್ತರಿಸಬಾರದೆಂದುಕೊಂಡಿದ್ದೆ.

ಭಂಗಿಯನ್ನು ಎತ್ತರಿಸಿ, ಪಾದ ತಿರುಗಿಸುವ ಮುನ್ನ ಭಾರ ಇಳಿಸುವುದನ್ನು ರೂಢಿಸಿಕೊಂಡ ಮೇಲೆ ಮಂಡಿನೋವು ಬಹುಮಟ್ಟಿಗೆ ಹೋಗಿದೆ. ವೈದ್ಯರು ನೋಡಿ ಗಾಬರಿಪಡುವಂಥದ್ದಿಲ್ಲ ಎಂದಿದ್ದಾರೆ. ಬೆಳಿಗ್ಗೆ ಹನ್ನೆರಡು ನಿಮಿಷ ಮರ ತಬ್ಬಿದಂತೆ ನಿಲ್ಲುತ್ತೇನೆ. ಆರನೆಯ ವಾರದಲ್ಲಿ ಒಂದು ದಿನ ಭುಜ ಇದ್ದಕ್ಕಿದ್ದಂತೆ ಮರೆತುಹೋಯಿತು, ಅದೇ ಗಳಿಗೆಯಲ್ಲಿ ಅಂಗಾಲು ನೆಲಕ್ಕೆ ಅಗಲವಾಗಿ ಅಂಟಿದಂತಾಯಿತು. ಮರುದಿನ ಅದು ಬರಲಿಲ್ಲ. ಆಮೇಲೆ ವಾರಕ್ಕೆರಡು ಬಾರಿ ಬರುತ್ತಿದೆ.

ನನಗೆ ತಿಳಿಯದೇ ಇದ್ದ ಇನ್ನೊಂದು ಬಿಗಿ ಉಸಿರಿನಲ್ಲಿತ್ತು. ಹಲವು ವರ್ಷಗಳ ಪ್ರಾಣಾಯಾಮದ ಅಭ್ಯಾಸದಿಂದ ಪ್ರತಿ ಚಲನೆಗೂ ಎಣಿಕೆ ಹಾಕಿ ಉಸಿರು ತೆಗೆದುಕೊಳ್ಳುತ್ತಿದ್ದೆ, ತಿರುವುಗಳಲ್ಲಿ ಅರಿವಿಲ್ಲದೆ ಕುಂಭಕ, ಅಂದರೆ ಉಸಿರು ಹಿಡಿದಿಡುವುದನ್ನು, ಮಾಡುತ್ತಿದ್ದೆ. ಶಿಕ್ಷಕರನ್ನು ಕೇಳಿದಾಗ, ಉಸಿರನ್ನು ಅದರ ಪಾಡಿಗೆ ಬಿಡಿ, ಚಲನೆ ಸರಿಯಾದಾಗ ಅದೇ ಬಂದು ಸೇರಿಕೊಳ್ಳುತ್ತದೆ ಎಂದರು. ತಮ್ಮನ ಮಗನಿಂದ ಮುಂಗೈ ಒತ್ತಿಸಿಕೊಂಡಾಗ ಮೊದಲ ದಿನ ನನಗೆ ಸಿಟ್ಟು ಬಂದದ್ದನ್ನೂ ಇಲ್ಲಿ ಹೇಳಬೇಕು. ಇಪ್ಪತ್ತರ ಹುಡುಗ ನಗುತ್ತ ಒತ್ತಿದ, ನಾನು ಎರಡು ಹೆಜ್ಜೆ ಹಿಂದೆ ಹೋದೆ, ಒಳಗೆ ಏನೋ ಕುದಿಯಿತು. ಕೆಳಮಹಡಿಯವರು ಬರೆದ ಗದ್ದಲ ಇದೇ ಇರಬೇಕು. ಆ ಹುಡುಗ ಈಗ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋದುದರಿಂದ ಒತ್ತುವವರು ಯಾರೂ ಇಲ್ಲದಂತಾಗಿದೆ. ಗೋಡೆಯನ್ನು ಒತ್ತಿ ಅಭ್ಯಾಸ ಮಾಡಿದರೆ ಪ್ರಯೋಜನವುಂಟೇ?

ಕೆಳಮಹಡಿ

ಹಿಂಗಾಲಿನಿಂದ ಅಂಗೈವರೆಗಿನ ದಾರಿಯನ್ನು ಗುರುತಿಸಲು ಗೋಡೆ ಸಾಕು. ಆದರೆ ಗೋಡೆ ಮನಸ್ಸು ಬದಲಾಯಿಸುವುದಿಲ್ಲ. ಆಲಿಸುವುದನ್ನು ಅದು ಕಲಿಸಲಾರದು. ಯಾರಾದರೂ ಸಿಗುವವರೆಗೆ ನಿಲ್ಲುವ ಅಭ್ಯಾಸವನ್ನು ಹದಿನೈದು ನಿಮಿಷಕ್ಕೆ ಏರಿಸಿ.

ಮಟ್ಟಿಯ ಮಣ್ಣು

ತುಂಗಾತೀರ ಅವರೇ, ಶಿವಮೊಗ್ಗದಲ್ಲಿ ನನ್ನ ಅಕ್ಕನ ಮನೆಯಿದೆ, ಬರುವ ತಿಂಗಳ ಎರಡನೆಯ ಶನಿವಾರ ಅಲ್ಲಿಗೆ ಬರುವವನಿದ್ದೇನೆ. ತಮ್ಮ ಒಪ್ಪಿಗೆಯಿದ್ದರೆ ಬೆಳಿಗ್ಗೆ ಒಂದು ಗಂಟೆ ನಾನು ಒತ್ತುತ್ತೇನೆ. ನನ್ನ ಕೈ ಭಾರ ಎಂದು ಎಲ್ಲರೂ ಹೇಳುತ್ತಾರೆ, ಆದ್ದರಿಂದ ಮೆಲ್ಲನೆ ಆರಂಭಿಸೋಣ. ಪೆಂಗ್ ಎಂದರೆ ಏನೆಂದು ನನ್ನ ಅಂಗೈಗೂ ಗೊತ್ತಾಗಬೇಕಿದೆ.